ಹೃದಯದಲ್ಲಿ ಕಂಡ ಕಲೆಗೆಲ್ಲ ಕಾವು ಕೊಡಬೇಕೇ?

ಹೃದಯದ ಬಡಿತ ಲಯ ತಪ್ಪಿದಾಗ ಅದರ ಮೂಲವನ್ನು ಚಿತ್ರದಲ್ಲೇ ಪತ್ತೆಹಚ್ಚಿ, ಕಂಡ ಜಾಗಕ್ಕೇ ಚಿಕಿತ್ಸೆ ನೀಡಬಹುದು ಎಂಬುದು ಹೃದ್ರೋಗ ವಿಜ್ಞಾನ ಬಹುಕಾಲ ಪೋಷಿಸಿಕೊಂಡು ಬಂದ ಆಸೆ. ಎಂಆರ್‌ಐ ಯಂತ್ರ ಹೃದಯದ ಗೋಡೆಯಲ್ಲಿನ ಕಲೆಯನ್ನು ತೋರಿಸಬಲ್ಲದು. ಆ ಕಲೆಯೇ ರೋಗದ ಬೀಡು. ಅದನ್ನು ಸುಟ್ಟುಹಾಕಿದರೆ ರೋಗ ಶಮನ. ತರ್ಕ ಇಷ್ಟು ಸರಳವಾಗಿತ್ತು. 2022ರ ಜೂನ್‌ನಲ್ಲಿ ಅಮೆರಿಕ ವೈದ್ಯಕೀಯ ಸಂಘದ ನಿಯತಕಾಲಿಕ 'ಜಾಮಾ'ದಲ್ಲಿ ಪ್ರಕಟವಾದ 'ಡಿಕಾಫ್-2' ಅಧ್ಯಯನ ಈ ತರ್ಕವನ್ನು ಒರೆಗೆ ಹಚ್ಚಿತು. ಕಲೆಗೆ ಕಾವು ಕೊಟ್ಟವರ ಸ್ಥಿತಿ ಕೊಡದವರಿಗಿಂತ ಗಮನಾರ್ಹವಾಗಿ ಸುಧಾರಿಸಲಿಲ್ಲ. ಬದಲಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿತು.

ಇದು ತಜ್ಞರ ಸಭಾಂಗಣದೊಳಗೇ ಮುಗಿದುಹೋಗಬೇಕಾದ ಚರ್ಚೆಯಲ್ಲ. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯದಾದ್ಯಂತ ಹಬ್ಬಿದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನರು ತಪಾಸಣೆಗಾಗಿ ಸಾಲುಗಟ್ಟಿ ನಿಂತಿದ್ದರು. ಹೃದಯದ ಕುರಿತ ಆತಂಕ ಹೆಚ್ಚಿದಂತೆಲ್ಲ ಪರೀಕ್ಷೆಗಳ ಮೇಲಿನ ನಂಬಿಕೆಯೂ ಹೆಚ್ಚುತ್ತಿದೆ. ದೊಡ್ಡ ಯಂತ್ರ, ಸ್ಪಷ್ಟ ಚಿತ್ರ, ಆದ್ದರಿಂದ ಉತ್ತಮ ಚಿಕಿತ್ಸೆ ಎಂಬ ಸಮೀಕರಣ ನಗರವಾಸಿಗಳ ಮನಸ್ಸಿನಲ್ಲಿ ಬೇರೂರಿದೆ. ಹೃದಯದ ಲಯದೋಷಕ್ಕೆ ಸಂಬಂಧಿಸಿದ ಸಂಶೋಧನೆಗಳು ಈ ಸಮೀಕರಣವನ್ನು ಪುಷ್ಟೀಕರಿಸುವುದಿಲ್ಲ. ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂಬುದಕ್ಕಿಂತ, ಅದನ್ನು ನೋಡಿ ಕೈಗೊಂಡ ನಿರ್ಧಾರದಿಂದ ರೋಗಿಗೆ ಒಳಿತಾಯಿತೇ ಎಂಬುದೇ ಮುಖ್ಯ ಎಂಬುದು ಅವುಗಳ ಸಾರ.

ಕಂಪಿಸುವ ಕರ್ಣ, ಹೆಪ್ಪುಗಟ್ಟುವ ರಕ್ತ

ಹೃದಯದ ಲಯದೋಷಗಳಲ್ಲಿ ದೀರ್ಘಕಾಲ ಕಾಡುವ, ಅತಿ ಸಾಮಾನ್ಯವಾದ ಬಗೆ 'ಏಟ್ರಿಯಲ್ ಫಿಬ್ರಿಲೇಷನ್', ಅಂದರೆ ಹೃತ್ಕರ್ಣದ ಕಂಪನ. ಹೃದಯದ ಮೇಲ್ಭಾಗದ ಎರಡು ಕೋಣೆಗಳು ಕ್ರಮಬದ್ಧವಾಗಿ ಸಂಕುಚಿಸುವ ಬದಲು ನಿಮಿಷಕ್ಕೆ 350ರಿಂದ 600 ಬಾರಿ ಅಡ್ಡಾದಿಡ್ಡಿಯಾಗಿ ಅದುರುತ್ತವೆ. ಕೆಳಗಿನ ಕೋಣೆಗಳಿಗೆ ಆ ಸಂಕೇತಗಳಲ್ಲಿ ಕೆಲವು ಮಾತ್ರ ತಲುಪುವುದರಿಂದ ನಾಡಿ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ, ಯಾವ ಲೆಕ್ಕಕ್ಕೂ ಸಿಗದಂತೆ ಓಡುತ್ತದೆ. ಕೆಲವರಿಗೆ ಎದೆ ಡವಡವ, ಆಯಾಸ, ಉಬ್ಬಸ ಕಾಣಿಸಿಕೊಳ್ಳುತ್ತವೆ. ಮತ್ತೆ ಕೆಲವರಿಗೆ ಏನೂ ತಿಳಿಯುವುದಿಲ್ಲ.

ಅಪಾಯ ಅಡಗಿರುವುದು ಬಡಿತದ ವೇಗದಲ್ಲಷ್ಟೇ ಅಲ್ಲ. ಅದುರುವ ಕೋಣೆಯಲ್ಲಿ ರಕ್ತ ಸರಾಗವಾಗಿ ಹರಿಯದೆ ಮಡುಗಟ್ಟುತ್ತದೆ. ಮಡುಗಟ್ಟಿದ ರಕ್ತ ಹೆಪ್ಪಾಗುತ್ತದೆ. ಆ ಹೆಪ್ಪು ಕಳಚಿಕೊಂಡು ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಲುಕಿದರೆ ಪಾರ್ಶ್ವವಾಯು. ಈ ಕಾಯಿಲೆ ಇರುವವರಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು ಎಂಬುದನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಂ ಅಧ್ಯಯನ 1991ರಲ್ಲೇ ತೋರಿಸಿಕೊಟ್ಟಿದೆ. ಆದ್ದರಿಂದ ಚಿಕಿತ್ಸೆಗೆ ಎರಡು ಮುಖಗಳಿವೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಒಂದು, ಬಡಿತದ ಲಯ ಅಥವಾ ವೇಗವನ್ನು ಹತೋಟಿಗೆ ತರುವುದು ಇನ್ನೊಂದು. ಹೃದಯದ ಚಿತ್ರಣ ಈ ಎರಡರಲ್ಲೂ ಪಾತ್ರ ವಹಿಸುತ್ತದೆ. ಆದರೆ ಎರಡೂ ಕಡೆ ಅದು ಗಳಿಸಿರುವ ಅಂಕಗಳು ಒಂದೇ ಅಲ್ಲ.

ಆಸೆ ಹುಟ್ಟಿದ ಬಗೆ

1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಾಗೆರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಲಯ ಕೆಡಿಸುವ ವಿದ್ಯುತ್ ಕಿಡಿಗಳ 69 ಮೂಲಗಳು ಅವರಿಗೆ ದೊರಕಿದ್ದವು. ಅವುಗಳಲ್ಲಿ ಶೇ. 94ರಷ್ಟು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳಲ್ಲೇ ಇದ್ದವು. ತೊಡೆಯ ರಕ್ತನಾಳದ ಮೂಲಕ ತೆಳುವಾದ ಕ್ಯಾತಿಟರ್ ಕೊಳವೆಯನ್ನು ಹೃದಯದೊಳಕ್ಕೆ ತೂರಿಸಿ, ಆ ಅಭಿಧಮನಿಗಳ ಬಾಯಿಯ ಸುತ್ತ ಅಂಗಾಂಶವನ್ನು ಸುಟ್ಟು ಬೇಲಿ ಹಾಕಿದರೆ ಕಿಡಿ ಹೃದಯಕ್ಕೆ ಹರಡುವುದಿಲ್ಲ. 'ಅಬ್ಲೇಷನ್' ಎಂಬ ಹೆಸರಿನ ಈ ಚಿಕಿತ್ಸೆ ವಿಶ್ವದಾದ್ಯಂತ ಬಳಕೆಗೆ ಬಂತು.

ಆಗಾಗ ಬಂದು ತಾನಾಗಿಯೇ ಮರೆಯಾಗುವ ಕಂಪನಕ್ಕೆ ಈ ವಿಧಾನ ಚೆನ್ನಾಗಿ ಒಗ್ಗಿತು. ಆದರೆ ವಾರಕ್ಕೂ ಮೀರಿ ಬಿಡದೆ ಮುಂದುವರಿಯುವ ಕಂಪನದಲ್ಲಿ ಅನೇಕರಿಗೆ ರೋಗ ಮರುಕಳಿಸಿತು. ಹಾಗಾದರೆ ಇನ್ನೂ ಹೆಚ್ಚು ಜಾಗ ಸುಡಬೇಕೇ? 2015ರಲ್ಲಿ ಪ್ರಕಟವಾದ 'ಸ್ಟಾರ್ ಎಎಫ್-2' ಅಧ್ಯಯನ 589 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಅಭಿಧಮನಿಗಳ ಸುತ್ತ ಬೇಲಿ ಹಾಕುವುದರ ಜೊತೆಗೆ ಹೃತ್ಕರ್ಣದ ಗೋಡೆಯಲ್ಲಿ ಹೆಚ್ಚುವರಿ ಗೆರೆಗಳನ್ನು ಎಳೆದು ಸುಟ್ಟರೂ, ಅನುಮಾನಾಸ್ಪದ ಸಂಕೇತಗಳ ಜಾಗಗಳನ್ನು ಸುಟ್ಟರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಕುರುಡಾಗಿ ಸುಟ್ಟರೆ ಫಲವಿಲ್ಲ, ಕಣ್ಣಿಟ್ಟು ಸುಡಬೇಕು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಆ ಕಣ್ಣು ಎಂಆರ್‌ಐ ಆಗಬಹುದೆಂಬ ಭರವಸೆ ಅದಾಗಲೇ ಮೂಡಿತ್ತು. ಗ್ಯಾಡೋಲಿನಿಯಂ ಎಂಬ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತಿನ ನಂತರ ಚಿತ್ರ ತೆಗೆದರೆ ನಾರುಗಟ್ಟಿದ ಭಾಗ ಹೊಳೆದು ಕಾಣುತ್ತದೆ. ಆರೋಗ್ಯವಂತ ಸ್ನಾಯುವಿನಿಂದ ದ್ರಾವಣ ಬೇಗ ಹೊರಹೋಗುತ್ತದೆ, ನಾರುಗಟ್ಟಿದ ಕಡೆ ನಿಧಾನಿಸುತ್ತದೆ. ನಾಸಿರ್ ಮರೂಶ್ ನೇತೃತ್ವದ 'ಡಿಕಾಫ್' ಅಧ್ಯಯನ 2014ರಲ್ಲಿ ಇದರ ಸಾಮರ್ಥ್ಯವನ್ನು ತೋರಿಸಿಕೊಟ್ಟಿತು. 260 ರೋಗಿಗಳ ವಿಶ್ಲೇಷಣೆಯಲ್ಲಿ, ಎಡ ಹೃತ್ಕರ್ಣದ ಗೋಡೆಯ ಶೇ. 10ಕ್ಕಿಂತ ಕಡಿಮೆ ಭಾಗ ನಾರುಗಟ್ಟಿದ್ದವರಲ್ಲಿ ಅಬ್ಲೇಷನ್ ನಂತರ 475 ದಿನಗಳೊಳಗೆ ಲಯದೋಷ ಮರುಕಳಿಸಿದ ಪ್ರಮಾಣ ಶೇ. 15.3. ಶೇ. 30 ಅಥವಾ ಅದಕ್ಕಿಂತ ಹೆಚ್ಚು ಭಾಗ ನಾರುಗಟ್ಟಿದ್ದವರಲ್ಲಿ ಅದು ಶೇ. 69.4. ಚಿಕಿತ್ಸೆ ಯಾರಿಗೆ ಫಲಿಸೀತು, ಯಾರಿಗೆ ಫಲಿಸಲಾರದು ಎಂಬುದನ್ನು ಚಿತ್ರ ಮೊದಲೇ ಹೇಳಬಲ್ಲದು ಎಂಬುದಕ್ಕೆ ಇದು ಗಟ್ಟಿಯಾದ ಪುರಾವೆಯಾಗಿತ್ತು.

ಭವಿಷ್ಯ ಹೇಳುವುದು ಬೇರೆ, ದಾರಿ ತೋರುವುದು ಬೇರೆ

ಇಲ್ಲಿಂದ ಮುಂದಿನ ಹೆಜ್ಜೆ ಸಹಜವೆಂದೇ ತೋರಿತು. ಕಲೆ ಹೆಚ್ಚಿದ್ದಷ್ಟೂ ರೋಗ ಮರುಕಳಿಸುವುದಾದರೆ ಕಲೆಯನ್ನೇ ಗುರಿಯಾಗಿಸಿಕೊಳ್ಳಬಾರದೇಕೆ? ಡಿಕಾಫ್-2 ಅಧ್ಯಯನಕ್ಕೆ 10 ದೇಶಗಳ 44 ಕೇಂದ್ರಗಳಲ್ಲಿ, ಬಿಡದೆ ಕಾಡುವ ಕಂಪನವುಳ್ಳ 843 ರೋಗಿಗಳನ್ನು ಆರಿಸಿಕೊಳ್ಳಲಾಯಿತು. ಒಂದು ಗುಂಪಿಗೆ ಅಭಿಧಮನಿಗಳ ಸುತ್ತ ಬೇಲಿ ಹಾಕುವ ರೂಢಿಯ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಅದರೊಂದಿಗೆ ಎಂಆರ್‌ಐ ತೋರಿಸಿದ ಕಲೆಗಳನ್ನೂ ಸುಡುವ ಚಿಕಿತ್ಸೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು.

ಕಲೆ ಸುಟ್ಟವರಲ್ಲಿ ಲಯದೋಷ ಮರುಕಳಿಸಿದ್ದು ಶೇ. 43 ಮಂದಿಗೆ. ಸುಡದವರಲ್ಲಿ ಶೇ. 46.1 ಮಂದಿಗೆ. ಈ ಅಂತರ ಕೇವಲ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು ಎಂದು ಸಂಖ್ಯಾಶಾಸ್ತ್ರದ ಲೆಕ್ಕ ಹೇಳಿತು. ಅತ್ತ, ಕಲೆ ಸುಟ್ಟವರ ಗುಂಪಿನಲ್ಲಿ 6 ಮಂದಿಗೆ ಪಾರ್ಶ್ವವಾಯು ಬಡಿಯಿತು. ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಈ ಬಗೆಯ ರೋಗಿಗಳಲ್ಲಿ ಎಂಆರ್‌ಐ ಆಧರಿಸಿ ಕಲೆಗಳನ್ನು ಸುಡುವುದಕ್ಕೆ ತಮ್ಮ ಫಲಿತಾಂಶಗಳು ಬೆಂಬಲ ನೀಡುವುದಿಲ್ಲ ಎಂದು ಸಂಶೋಧಕರೇ ತೀರ್ಮಾನಿಸಿದರು. ಎಂಟು ವರ್ಷಗಳ ಹಿಂದೆ ಆಸೆ ಹುಟ್ಟಿಸಿದ್ದ ತಂಡವೇ ಅದನ್ನು ಪರೀಕ್ಷಿಸಿ, ಬಂದ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದ್ದು ವಿಜ್ಞಾನದ ನಡೆಗೆ ಶೋಭೆ ತರುವ ಸಂಗತಿ.

ಚಿತ್ರ ಸುಳ್ಳಾಡಿತೇ? ಹಾಗೆನ್ನಲಾಗದು. ಎಡವಿದ್ದು ಚಿತ್ರದಿಂದ ಚಿಕಿತ್ಸೆಗೆ ಹಾರಿದ ತರ್ಕ. ಕಲೆ ಎಂಬುದು ವಯಸ್ಸು, ರಕ್ತದೊತ್ತಡ, ಸ್ಥೂಲಕಾಯ, ಹಳೆಯ ಕಾಯಿಲೆಗಳು ಹೃದಯದ ಮೇಲೆ ಬಿಟ್ಟುಹೋದ ಗುರುತೂ ಆಗಿರಬಹುದು. ನೆರೆ ಬಂದು ಹೋದ ಮೇಲೆ ಗೋಡೆಯಲ್ಲಿ ಉಳಿಯುವ ನೀರಿನ ಗೆರೆ ನೆರೆ ಎಷ್ಟು ಎತ್ತರ ಬಂದಿತ್ತೆಂದು ತಿಳಿಸುತ್ತದೆ. ಆ ಗೆರೆಯನ್ನು ಉಜ್ಜಿ ಅಳಿಸಿದರೆ ಮುಂದಿನ ನೆರೆ ನಿಲ್ಲುವುದಿಲ್ಲ. ಜೊತೆಗೆ ಸುಡುವುದೆಂದರೆ ಹೊಸ ಕಲೆ ಮಾಡುವುದೇ. ಸುಡುವ ಜಾಗ ಹೆಚ್ಚಿದಷ್ಟೂ ಹೃದಯದೊಳಗೆ ಕ್ಯಾತಿಟರ್ ಇರುವ ಹೊತ್ತು ಹೆಚ್ಚುತ್ತದೆ, ಹೆಪ್ಪುಗಟ್ಟುವ ಅವಕಾಶವೂ ಹೆಚ್ಚುತ್ತದೆ.

ತಾಂತ್ರಿಕ ತೊಡಕೂ ಇಲ್ಲದಿಲ್ಲ. ಎಡ ಹೃತ್ಕರ್ಣದ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಎಡಬಿಡದೆ ಮಿಡಿಯುವ, ಅದರಲ್ಲೂ ಲಯ ತಪ್ಪಿ ಮಿಡಿಯುವ ಅಂಗದ ಇಷ್ಟು ತೆಳುವಾದ ಗೋಡೆಯಲ್ಲಿ ಎಲ್ಲಿ ಕಲೆ ಮುಗಿಯಿತು, ಎಲ್ಲಿ ಆರೋಗ್ಯವಂತ ಸ್ನಾಯು ಆರಂಭವಾಯಿತು ಎಂದು ಗೆರೆ ಎಳೆಯುವುದು ಎಂಆರ್‌ಐನ ಸಾಮರ್ಥ್ಯದ ಅಂಚಿನ ಕೆಲಸ. ಮೊದಲ ಡಿಕಾಫ್ ಅಧ್ಯಯನದಲ್ಲೇ 329 ರೋಗಿಗಳ ಪೈಕಿ 57 ಮಂದಿಯ ಚಿತ್ರಗಳು ಗುಣಮಟ್ಟದ ಕೊರತೆಯಿಂದ ಬಳಕೆಗೆ ಬಾರದೆ ಹೋಗಿದ್ದವು.

ಸಂಶೋಧನೆ ಅಲ್ಲಿಗೇ ನಿಂತಿಲ್ಲ. ಕಲೆಯ ಚಿತ್ರವನ್ನು ಬಿಟ್ಟು, ಹೃದಯದೊಳಗಿನ ವಿದ್ಯುತ್ ಸಂಕೇತಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಿ ಗುರಿ ಆರಿಸಿಕೊಳ್ಳುವ ವಿಧಾನವನ್ನು 'ಟೈಲರ್ಡ್ ಎಎಫ್' ಅಧ್ಯಯನ ಪರೀಕ್ಷಿಸಿತು. 2025ರಲ್ಲಿ 'ನೇಚರ್ ಮೆಡಿಸಿನ್' ಪ್ರಕಟಿಸಿದ ಅದರ ವರದಿಯಂತೆ, ಒಂದು ವರ್ಷದ ನಂತರ ಕಂಪನದಿಂದ ಮುಕ್ತರಾಗಿದ್ದವರು ಹೊಸ ವಿಧಾನದಲ್ಲಿ ಶೇ. 88, ರೂಢಿಯ ವಿಧಾನದಲ್ಲಿ ಶೇ. 70. ಆದರೆ ಇತರ ಬಗೆಯ ಲಯದೋಷಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ಈ ಅಂತರ ಬಹುತೇಕ ಕರಗುತ್ತದೆ. ಎಚ್ಚರಿಕೆಯ ಆಶಾವಾದಕ್ಕೆ ಇಷ್ಟು ಸಾಕು, ಜಾಹೀರಾತಿಗೆ ಸಾಲದು.

ಸಾಧಾರಣ ಚಿತ್ರದ ಅಸಾಧಾರಣ ಕೆಲಸ

ದುಬಾರಿ ಚಿತ್ರ ಎಡವಿದ ಕಡೆ ಸಾಧಾರಣ ಚಿತ್ರಗಳು ಸದ್ದಿಲ್ಲದೆ ದಾರಿ ತೋರಿವೆ. ವಿದ್ಯುತ್ ಆಘಾತ ನೀಡಿ ಹೃದಯವನ್ನು ಮತ್ತೆ ಲಯಕ್ಕೆ ತರುವ ಚಿಕಿತ್ಸೆಯನ್ನೇ ನೋಡಬಹುದು. ಹೃತ್ಕರ್ಣದಲ್ಲಿ ಹೆಪ್ಪು ಅಡಗಿದ್ದರೆ, ಲಯ ಮರಳುತ್ತಿದ್ದಂತೆ ಅದು ಹೊರಚಿಮ್ಮಿ ಮಿದುಳು ಸೇರಬಹುದು. ಆದ್ದರಿಂದ ಮೂರು ವಾರ ರಕ್ತ ಹೆಪ್ಪುಗಟ್ಟದ ಔಷಧ ಕೊಟ್ಟು ಕಾಯುವುದು ಹಿಂದಿನಿಂದ ಬಂದ ಪದ್ಧತಿ. ಕವಾಟದ ಕಾಯಿಲೆ ಇಲ್ಲದ ರೋಗಿಗಳಲ್ಲಿ ಹೆಪ್ಪುಗಳ ಪೈಕಿ ಸುಮಾರು ಶೇ. 90ರಷ್ಟು ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿವಿಯಾಕಾರದ ಸಣ್ಣ ಚೀಲದಲ್ಲೇ ಇರುತ್ತವೆ. ಅನ್ನನಾಳದೊಳಕ್ಕೆ ಕೊಳವೆ ಇಳಿಸಿ ಮಾಡುವ ಎಕೋ ಪರೀಕ್ಷೆ ಆ ಚೀಲವನ್ನು ಹಿಂಬದಿಯಿಂದ ನೇರವಾಗಿ ತೋರಿಸುತ್ತದೆ.

2001ರಲ್ಲಿ ಪ್ರಕಟವಾದ 'ಅಕ್ಯೂಟ್' ಅಧ್ಯಯನ 1,222 ರೋಗಿಗಳಲ್ಲಿ ಈ ಎರಡು ದಾರಿಗಳನ್ನು ಹೋಲಿಸಿತು. ಎಕೋ ನೋಡಿ ಹೆಪ್ಪಿಲ್ಲವೆಂದು ಖಚಿತಪಡಿಸಿಕೊಂಡು ಬೇಗ ಚಿಕಿತ್ಸೆ ನೀಡಿದವರಲ್ಲೂ, ವಾರಗಟ್ಟಲೆ ಕಾದು ನೀಡಿದವರಲ್ಲೂ ಪಾರ್ಶ್ವವಾಯುವಿನಂಥ ಅವಘಡಗಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ರಕ್ತಸ್ರಾವ ಮಾತ್ರ ಎಕೋ ಗುಂಪಿನಲ್ಲಿ ಶೇ. 2.9, ಕಾದವರಲ್ಲಿ ಶೇ. 5.5. ಇಲ್ಲಿ ಚಿತ್ರ ಕೇಳಿಕೊಂಡ ಪ್ರಶ್ನೆ ಚಿಕ್ಕದು: ಹೆಪ್ಪು ಇದೆಯೇ, ಇಲ್ಲವೇ? ಉತ್ತರ ಬಂದ ಕೂಡಲೇ ಮಾಡಬೇಕಾದ ಕೆಲಸವೂ ನಿಚ್ಚಳ. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ಕಂಪನ ಆರಂಭವಾಗಿ 24 ಗಂಟೆ ಮೀರಿದ್ದರೆ ಸೂಕ್ತ ಔಷಧವಾಗಲಿ ಈ ಎಕೋ ಪರೀಕ್ಷೆಯಾಗಲಿ ಇಲ್ಲದೆ ಲಯ ಮರಳಿಸಲು ಅವಸರಿಸಬಾರದು ಎನ್ನುತ್ತದೆ.

ಅಬ್ಲೇಷನ್‌ನಲ್ಲಿಯೂ ಚಿತ್ರಕ್ಕೆ ಸ್ಥಾನವಿಲ್ಲವೆಂದಲ್ಲ. ಅಭಿಧಮನಿಗಳ ಸಂಖ್ಯೆ, ಆಕಾರ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐ ಅವುಗಳ ನಕ್ಷೆ ಕೊಡುತ್ತದೆ. ದಾರಿಯ ನಕ್ಷೆಯಾಗಿ ಚಿತ್ರ ಉಪಯುಕ್ತ. ಸುಡಬೇಕಾದ ಗುರಿಗಳ ಪಟ್ಟಿಯಾಗಿ ಅದು ಇನ್ನೂ ಪರೀಕ್ಷೆಯಲ್ಲಿ ಉತ್ತೀರ್ಣವಾಗಿಲ್ಲ.

ಭಾರತದ ಲೆಕ್ಕಾಚಾರವೇ ಬೇರೆ

ಶ್ರೀಮಂತ ದೇಶಗಳಲ್ಲಿ ಹೃತ್ಕರ್ಣದ ಕಂಪನ ಬಹುಮಟ್ಟಿಗೆ ಇಳಿವಯಸ್ಸಿನವರ ಕಾಯಿಲೆ. ಭಾರತದಲ್ಲಿ ಅದಕ್ಕೆ ಇನ್ನೊಂದು ಮುಖವಿದೆ. ಬಾಲ್ಯದಲ್ಲಿ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆ. ವರ್ಷಗಳ ನಂತರ ಮೈಟ್ರಲ್ ಕವಾಟ ಕಿರಿದಾಗಿ, ಅದರ ಹಿಂದಿನ ಎಡ ಹೃತ್ಕರ್ಣ ಹಿಗ್ಗಿ, ಲಯ ತಪ್ಪುತ್ತದೆ. ಇದು ದುಡಿಯುವ ವಯಸ್ಸಿನವರನ್ನು, ಅದರಲ್ಲೂ ಮಹಿಳೆಯರನ್ನು ಹೆಚ್ಚಾಗಿ ಹಿಡಿಯುತ್ತದೆ.

ಇಂಥ ರೋಗಿಗಳ ಕುರಿತು 2022ರಲ್ಲಿ ಪ್ರಕಟವಾದ 'ಇನ್ವಿಕ್ಟಸ್' ಅಧ್ಯಯನ ಭಾರತದ ಪಾಲಿಗೆ ಡಿಕಾಫ್‌ಗಿಂತ ಹೆಚ್ಚು ಮಹತ್ವದ್ದು. ಆಫ್ರಿಕ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ 24 ದೇಶಗಳಲ್ಲಿ ನಡೆದ ಇದರಲ್ಲಿ, ಎಕೋ ಮೂಲಕ ರುಮ್ಯಾಟಿಕ್ ಹೃದ್ರೋಗ ದೃಢಪಟ್ಟ 4,531 ಮಂದಿಯ ಫಲಿತಾಂಶಗಳನ್ನು ವಿಶ್ಲೇಷಿಸಲಾಯಿತು. ಅವರ ಸರಾಸರಿ ವಯಸ್ಸು 50.5 ವರ್ಷ, ಶೇ. 72ರಷ್ಟು ಮಹಿಳೆಯರು. ಹಳೆಯ ಔಷಧ ವಾರ್ಫರಿನ್ ವರ್ಗದ ಮಾತ್ರೆಗೂ, ಪದೇ ಪದೇ ರಕ್ತಪರೀಕ್ಷೆಯ ಗೋಜಿಲ್ಲದ ಹೊಸ ಮಾತ್ರೆ ರಿವರಾಕ್ಸಬಾನ್‌ಗೂ ಹೋಲಿಕೆ ಮಾಡಿದಾಗ, ಹೊಸ ಮಾತ್ರೆ ಪಡೆದವರಲ್ಲಿ 552 ಸಾವುಗಳೂ ಹಳೆಯ ಮಾತ್ರೆ ಪಡೆದವರಲ್ಲಿ 442 ಸಾವುಗಳೂ ದಾಖಲಾದವು. ಎರಡೂ ಗುಂಪುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಳೆಯ ಮಾತ್ರೆಯಿಂದ ರಕ್ತಸ್ರಾವ ಗಮನಾರ್ಹವಾಗಿ ಹೆಚ್ಚಲೂ ಇಲ್ಲ.

ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಇಸಿಜಿಯಲ್ಲಿ ಲಯ ತಪ್ಪಿರುವುದು ಕಾಣುತ್ತದೆ, ಆದರೆ ಕವಾಟ ಕಾಣುವುದಿಲ್ಲ. ಒಂದೇ ಬಗೆಯ ಇಸಿಜಿ ಇರುವ ಇಬ್ಬರಲ್ಲಿ ಒಬ್ಬರಿಗೆ ಹೊಸ ಮಾತ್ರೆ ಸೂಕ್ತವಾಗಬಹುದು. ಮೈಟ್ರಲ್ ಕವಾಟ ಸಾಕಷ್ಟು ಕಿರಿದಾಗಿರುವ ಇನ್ನೊಬ್ಬರಿಗೆ ಹಳೆಯ ಮಾತ್ರೆಯೇ ಬೇಕು. ಈ ಇಬ್ಬರನ್ನು ಬೇರ್ಪಡಿಸಬಲ್ಲ ಪರೀಕ್ಷೆ ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋ. ಅದಕ್ಕೆ ಚುಚ್ಚುಮದ್ದು ಬೇಡ, ವಿಕಿರಣವಿಲ್ಲ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು. ಕಿರಿದಾದ ಕವಾಟವನ್ನು ಬಲೂನ್‌ನಿಂದ ಹಿಗ್ಗಿಸಬಹುದೇ ಎಂಬುದನ್ನೂ ಅದೇ ತಿಳಿಸುತ್ತದೆ. ಬೆಂಗಳೂರಿನ ಜಯದೇವ ಸಂಸ್ಥೆ ದೊಡ್ಡ ಸಂಖ್ಯೆಯಲ್ಲಿ ನಡೆಸುತ್ತ ಬಂದಿರುವ ಬಲೂನ್ ಚಿಕಿತ್ಸೆಗೂ ಎಕೋ ಚಿತ್ರವೇ ಬುನಾದಿ.

ಅನುಸರಿಸಬೇಕಾದ ನೀತಿ

ಯುರೋಪಿನ 2024ರ ಮಾರ್ಗಸೂಚಿ ಎಕೋ ಪರೀಕ್ಷೆಯನ್ನು ಶಿಫಾರಸು ಮಾಡುವಾಗ ಬಳಸಿರುವ ಅಳತೆಗೋಲು ಗಮನಾರ್ಹ. ಚಿಕಿತ್ಸೆಯ ನಿರ್ಧಾರಕ್ಕೆ ಅದು ದಾರಿ ತೋರುವಂತಿದ್ದರೆ ಮಾಡಬೇಕು ಎಂಬುದು ಅದರ ಆಶಯ. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ಪ್ರತಿಯೊಂದು ಚಿತ್ರಣಕ್ಕೂ ಅನ್ವಯಿಸಬೇಕಾದ ಅಳತೆಗೋಲಿದು. ವರದಿ ಹೇಗೆ ಬಂದರೂ ಚಿಕಿತ್ಸೆ ಬದಲಾಗದು ಎಂದಾದರೆ ಆ ಪರೀಕ್ಷೆ ರೋಗಿಯ ಕಿಸೆಗೆ ಭಾರವೇ ಹೊರತು ಹೃದಯಕ್ಕೆ ಆಸರೆಯಲ್ಲ. ಎಂಆರ್‌ಐ ಸಲಹೆ ಪಡೆದ ರೋಗಿ ವೈದ್ಯರನ್ನು ವಿನಯದಿಂದಲೇ ಕೇಳಬಹುದಾದ ಪ್ರಶ್ನೆಯೊಂದಿದೆ: ಇದರ ಉತ್ತರ ಬಂದ ಮೇಲೆ ಏನು ಬದಲಾಗುತ್ತದೆ? ಅಬ್ಲೇಷನ್ ಫಲಿಸುವ ಸಾಧ್ಯತೆ ತಿಳಿಯುತ್ತದೆ ಎಂಬ ಉತ್ತರಕ್ಕೆ ಆಧಾರವಿದೆ. ಕಲೆ ಕಂಡಲ್ಲೆಲ್ಲ ಸುಡುತ್ತೇವೆ ಎಂಬ ಉತ್ತರಕ್ಕೆ ಈಗ ಆಧಾರವಿಲ್ಲ.

ರಾಜ್ಯದ ಆರೋಗ್ಯ ವ್ಯವಸ್ಥೆಗೂ ಇಲ್ಲೊಂದು ಪಾಠವಿದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಹೃದಯಾಘಾತವನ್ನು ಬೇಗ ಪತ್ತೆಹಚ್ಚಲು ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ತಜ್ಞರ ಕೇಂದ್ರಗಳೊಂದಿಗೆ ಬೆಸೆಯುವ ಪ್ರಯತ್ನ. ಹೃತ್ಕರ್ಣದ ಕಂಪನವನ್ನು ಮೊದಲು ಹಿಡಿಯುವುದೂ ಇದೇ ಇಸಿಜಿ. ಹಿಡಿದ ಮೇಲೆ ರೋಗಿಗೆ ಬೇಕಾದದ್ದು ಎಟುಕುವ ದೂರದಲ್ಲಿ ಒಂದು ಎಕೋ ಯಂತ್ರ, ಅದನ್ನು ಓದಬಲ್ಲ ತರಬೇತಾದ ಕೈ, ವಾರ್ಫರಿನ್ ನುಂಗುವವರಿಗೆ ತಪ್ಪದೆ ನಡೆಯುವ ರಕ್ತಪರೀಕ್ಷೆ. ಬೆಂಗಳೂರು, ಮೈಸೂರು, ಕಲಬುರಗಿಗಳ ದೊಡ್ಡ ಆಸ್ಪತ್ರೆಗಳವರೆಗೆ ಬಸ್ಸು ಹತ್ತಿ ಬರಬೇಕಾದ ಮಹಿಳೆ ಒಂದು ತಿಂಗಳು ಪರೀಕ್ಷೆ ತಪ್ಪಿಸಿದರೂ ಮಾತ್ರೆಯ ಪ್ರಮಾಣ ಏರುಪೇರಾಗಬಹುದು. ಪ್ರಮಾಣ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಕೋಟಿ ಬೆಲೆಯ ಯಂತ್ರದ ಉದ್ಘಾಟನೆಗೆ ಸಿಗುವ ಪ್ರಚಾರ ಇಂಥ ಸಣ್ಣ ಸೌಲಭ್ಯಗಳಿಗೆ ಸಿಗುವುದಿಲ್ಲ. ಪ್ರಾಣ ಉಳಿಸುವ ಲೆಕ್ಕದಲ್ಲಿ ಮಾತ್ರ ಅವು ಮುಂದಿವೆ.

ಎಂಆರ್‌ಐ ತಂತ್ರಜ್ಞಾನ ಸುಧಾರಿಸಲಿದೆ, ಕಲೆಯ ಬಗೆಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸುವ ದಿನವೂ ಬರಬಹುದು. ಆಗಲೂ ಅದು ಡಿಕಾಫ್-2ರಂಥ ಪರೀಕ್ಷೆಯನ್ನು ದಾಟಿಯೇ ರೋಗಿಯ ಹಾಸಿಗೆಯ ಬಳಿ ಬರಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹೃದಯದ ಚಿತ್ರಕ್ಕೂ ಸಲ್ಲುತ್ತದೆ. ಹಾಗೆ ಪ್ರಮಾಣಿಸಿ ನೋಡಿ ಈಗಾಗಲೇ ಗೆದ್ದಿರುವ ಎಕೋ ಪರೀಕ್ಷೆ ತಾಲ್ಲೂಕು ಮಟ್ಟದ ರೋಗಿಗೂ ಎಟುಕುವಂತೆ ಮಾಡುವುದು ಇಂದಿನ ತುರ್ತು.